ಒ-1 ವೀಸಾ: ದೊಡ್ಡ ಪ್ರಶಸ್ತಿ ಇಲ್ಲದವರು ಹಾಕಬಹುದಾ? ವಲಸೆ ವಕೀಲರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ನಾನು ಮೆಷಿನ್ ಲರ್ನಿಂಗ್ ಎಂಜಿನಿಯರ್. ಅಮೆರಿಕದ ಎಚ್-1ಬಿ ಕೆಲಸದ ವೀಸಾ ಲಾಟರಿಯಲ್ಲಿ ಈ ಸಲವೂ ಹೆಸರು ಬರಲಿಲ್ಲ. ಅಮೆರಿಕದ ಕಂಪನಿಯವರು ಒ-1ಎ ಹಾಕೋಣ ಅಂತಿದ್ದಾರೆ, ವಿಜ್ಞಾನದಂಥ ಕ್ಷೇತ್ರಗಳಲ್ಲಿ ಅಸಾಧಾರಣ ಸಾಮರ್ಥ್ಯ ಇರೋರಿಗೆ ಕೊಡೋ ವೀಸಾ. ಆರು ಪೇಪರ್, ಎರಡು ಪೇಟೆಂಟ್ ಇವೆ, ಕಾನ್ಫರೆನ್ಸ್‌ಗಳಿಗೆ ಬರೋ ಬೇರೆಯವರ ಪೇಪರ್ ರಿವ್ಯೂ ಮಾಡ್ತೀನಿ. ದೊಡ್ಡ ಪ್ರಶಸ್ತಿ ಅಂತ ಒಂದೂ ಇಲ್ಲ. ಅದು ನೊಬೆಲ್ ಬಂದವರಿಗೆ ಕಣಪ್ಪಾ ಅಂತ ಗೆಳೆಯರು ಕಾಲೆಳೀತಾರೆ. ಹಾಕಬಹುದಾ?

ಉತ್ತರ: ಧಾರಾಳವಾಗಿ. ನೊಬೆಲ್‌ನಂಥ ಪ್ರಶಸ್ತಿ ಇದ್ದರೆ ಅದೊಂದೇ ಸಾಕು. ಇಲ್ಲದವರಿಗೆಂದೇ ಎಂಟು ಮಾನದಂಡಗಳಿವೆ, ಕನಿಷ್ಠ ಮೂರಕ್ಕೆ ದಾಖಲೆ ಕೊಡಬೇಕು: ಪ್ರಶಸ್ತಿಗಳು, ಸಾಧನೆ ನೋಡಿಯೇ ಸೇರಿಸಿಕೊಳ್ಳುವ ಸಂಘದ ಸದಸ್ಯತ್ವ, ನಿಮ್ಮ ಬಗ್ಗೆ ಬಂದ ಪತ್ರಿಕಾ ಬರಹ, ಬೇರೆಯವರ ಕೆಲಸದ ಮೌಲ್ಯಮಾಪನ, ಮಹತ್ವದ ಸ್ವಂತ ಕೊಡುಗೆ, ವಿದ್ವತ್ ಲೇಖನ, ಹೆಸರಾಂತ ಸಂಸ್ಥೆಯಲ್ಲಿ ನಿರ್ಣಾಯಕ ಪಾತ್ರ, ಹೆಚ್ಚಿನ ಸಂಬಳ. ಲಾಟರಿ ಇಲ್ಲ, ವರ್ಷಕ್ಕಿಷ್ಟೇ ಎಂಬ ಮಿತಿಯೂ ಇಲ್ಲ.

ನಿಮ್ಮ ಪೇಪರ್ ಮತ್ತು ರಿವ್ಯೂ ಎರಡೂ ಹೆಚ್ಚು ತಕರಾರಿಲ್ಲದೆ ದಾಟುತ್ತವೆ. ರಿವ್ಯೂಗೆ ಕರೆದ ಇಮೇಲ್ ಸಾಲದು, ಮಾಡಿ ಮುಗಿಸಿದ್ದಕ್ಕೆ ಪುರಾವೆ ಇಡಿ. ಜಗ್ಗಾಟವೆಲ್ಲ ನಿಮಗೆ ಬೇಕಾದ ಮೂರನೆಯದರಲ್ಲಿ, ಅಂದರೆ ಮಹತ್ವದ ಸ್ವಂತ ಕೊಡುಗೆಯಲ್ಲಿ. ಪೇಟೆಂಟ್ ನಿಮ್ಮ ಕೆಲಸ ಹೊಸದು ಅಂತ ಹೇಳುತ್ತದೆ, ಅದರಿಂದ ಕ್ಷೇತ್ರಕ್ಕೆ ಏನಾಯಿತು ಅಂತ ಹೇಳುವುದಿಲ್ಲ. ಯಾರಾದರೂ ಲೈಸೆನ್ಸ್ ತೆಗೆದುಕೊಂಡಿದ್ದಾರಾ? ಮಾರಾಟದಲ್ಲಿರುವ ಉತ್ಪನ್ನದೊಳಗೆ ಅದು ಓಡುತ್ತಿದೆಯಾ? ನಿಮಗೆ ಪರಿಚಯವೇ ಇಲ್ಲದವರು ನಿಮ್ಮ ವಿಧಾನ ಬಳಸಿ ಪೇಪರ್ ಬರೆದಿದ್ದಾರಾ? ಇದಕ್ಕೆ ಉತ್ತರವಿದ್ದರೆ ಕೇಸ್ ಇದೆ. ಇಲ್ಲದಿದ್ದರೆ ಸಂಬಳ ಅಥವಾ ನಿರ್ಣಾಯಕ ಪಾತ್ರದ ಕಡೆ ನೋಡೋಣ.

ಮೂರು ಟಿಕ್ ಬಿತ್ತು ಅಂತ ನಿರಾಳರಾಗಬೇಡಿ. ಆಮೇಲೆ ಅಧಿಕಾರಿ ಇಡೀ ಫೈಲನ್ನು ಒಟ್ಟಾಗಿ ನೋಡುತ್ತಾರೆ, ಈ ಕ್ಷೇತ್ರದ ತುತ್ತತುದಿಗೇರಿದ ಕೆಲವೇ ಜನರಲ್ಲಿ ಇವರೂ ಒಬ್ಬರಾ ಅಂತ. ಅಲ್ಲಿ ಬಿದ್ದುಹೋಗುವ ಅರ್ಜಿಗಳು ಬಹಳ.

ಅದೇ ಎಂಜಿನಿಯರ್: ಶಿಫಾರಸು ಪತ್ರ ಎಷ್ಟು ಬೇಕು? ಹತ್ತು ಮಂದಿ ಕೊಡೋಕೆ ರೆಡಿ ಇದ್ದಾರೆ.

ಉತ್ತರ: ಐದಾರು ಒಳ್ಳೆಯವು ಸಾಕು. ಎಂಟು ಮಾನದಂಡಗಳಲ್ಲಿ ಶಿಫಾರಸು ಪತ್ರ ಅನ್ನುವುದೇ ಇಲ್ಲ, ಗಮನಿಸಿದಿರಾ? ಪತ್ರದ ಕೆಲಸ ಬೇರೆ ದಾಖಲೆಗಳನ್ನು ವಿವರಿಸುವುದು, ಅಷ್ಟೇ. ನನ್ನ ಮೇಜಿಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಹೀಗಿರುತ್ತವೆ: "ಇವರು ಅಪ್ರತಿಮ ಪ್ರತಿಭಾವಂತರು, ಕಠಿಣ ಪರಿಶ್ರಮಿ, ಕ್ಷೇತ್ರಕ್ಕೆ ಅಪಾರ ಕೊಡುಗೆ ನೀಡಿದ್ದಾರೆ." ಇದರಿಂದ ಅಧಿಕಾರಿಗೆ ಏನೂ ತಿಳಿಯಲಿಲ್ಲ. ಹೀಗೆ ಬರೆಸಿ: "ನಾನು ಇವರ ಜೊತೆ ಕೆಲಸ ಮಾಡಿದವನಲ್ಲ, ಪೇಪರ್ ಓದಿ ಪರಿಚಯ. ಸ್ಕ್ಯಾನ್ ಚಿತ್ರಗಳನ್ನು ವಿಂಗಡಿಸಲು ನಮ್ಮ ಲ್ಯಾಬ್ ಮೊದಲು ಇಂಥ ವಿಧಾನ ಬಳಸುತ್ತಿತ್ತು. ಇವರದಕ್ಕೆ ಬದಲಾಯಿಸಿದ ಮೇಲೆ ತಪ್ಪು ಇಷ್ಟು ಇಳಿಯಿತು, ಫಲಿತಾಂಶ ಲಗತ್ತಿಸಿದ್ದೇನೆ." ಬಾಸ್ ಕೊಟ್ಟ ಮೂರು ಪುಟಕ್ಕಿಂತ ಇಂಥ ಅಪರಿಚಿತರ ಒಂದು ಪುಟ ನನಗೆ ಇಷ್ಟ. ಇನ್ನೊಂದು, ಎಲ್ಲ ಪತ್ರಗಳಲ್ಲೂ ಒಂದೇ ವಾಕ್ಯ ಇಣುಕಿದರೆ ಯಾರು ಬರೆದದ್ದು ಅಂತ ಯಾರಿಗಾದರೂ ಗೊತ್ತಾಗುತ್ತದೆ.

ಇನ್ನೊಬ್ಬರು: ಫೀಸ್ ಕಟ್ಟಿದರೆ ಅವಾರ್ಡ್ ಕೊಡುವ ಸಂಸ್ಥೆಗಳಿವೆಯಲ್ಲ, ಅವು ನಡೆಯುತ್ತಾ?

ಉತ್ತರ: ಬೇಡ. ಗೆದ್ದವರು ಎಷ್ಟು, ಆಯ್ಕೆ ಹೇಗೆ ಅಂತ ಅಧಿಕಾರಿ ಕೇಳಿಯೇ ಕೇಳುತ್ತಾರೆ. ಅಲ್ಲಿ ತಡವರಿಸಿದರೆ ಪಕ್ಕದಲ್ಲಿರುವ ಅಸಲಿ ಸಾಧನೆಯ ಮೇಲೂ ಅನುಮಾನ ಬರುತ್ತದೆ.

ಮತ್ತೊಬ್ಬರು: ನಾನು ಮೃದಂಗ ವಾದಕ. ವರ್ಷದಲ್ಲಿ ಕೆಲವು ತಿಂಗಳು ಅಲ್ಲಿ ಬೇರೆ ಬೇರೆ ಸಭೆಗಳಲ್ಲಿ ಕಛೇರಿ ಇರುತ್ತೆ. ಒಬ್ಬ ಉದ್ಯೋಗದಾತ ಅಂತ ಇಲ್ಲ.

ಉತ್ತರ: ನಿಮ್ಮದು ಒ-1ಬಿ. ಕಲಾವಿದರಿಗೆ ಅಳತೆಗೋಲು ಒ-1ಎಯಷ್ಟು ಕಠಿಣವಲ್ಲ. ಅಮೆರಿಕದಲ್ಲಿರುವ ಏಜೆಂಟ್ ನಿಮ್ಮ ಪರವಾಗಿ ಐ-129 ಅರ್ಜಿ ಹಾಕಬಹುದು. ಒಪ್ಪಂದಗಳು, ಕಛೇರಿಗಳ ದಿನಾಂಕಪಟ್ಟಿ, ಸಂಬಂಧಪಟ್ಟ ಕಲಾವಿದರ ಸಂಘದ ಅಭಿಪ್ರಾಯ ಪತ್ರ ಜೊತೆಗಿರಲಿ. ಕಾರ್ಯಕ್ರಮಕ್ಕೆ ಒಂದು ವರ್ಷಕ್ಕಿಂತ ಮುಂಚೆ ಹಾಕುವಂತಿಲ್ಲ, ಕೊನೇ ತಿಂಗಳಿಗೂ ಬಿಡಬೇಡಿ.

ಮತ್ತೊಬ್ಬರು: ನನ್ನದೇ ಸ್ಟಾರ್ಟಪ್ ಅಲ್ಲಿದೆ. ನಾನೇ ನನಗೆ ಅರ್ಜಿ ಹಾಕಬಹುದಾ?

ಉತ್ತರ: ವ್ಯಕ್ತಿಯಾಗಿ ಇಲ್ಲ. ಆದರೆ ನೀವು ಮಾಲೀಕರಾಗಿರುವ, ಅಲ್ಲಿ ನೋಂದಣಿಯಾದ ಪ್ರತ್ಯೇಕ ಕಂಪನಿ ಹಾಕಬಹುದು. 2025ರ ಜನವರಿಯಲ್ಲಿ ಅಮೆರಿಕದ ವಲಸೆ ಇಲಾಖೆ ಯುಎಸ್‌ಸಿಐಎಸ್ ತನ್ನ ನೀತಿ ಕೈಪಿಡಿಯಲ್ಲೇ ಇದನ್ನು ಸ್ಪಷ್ಟಪಡಿಸಿದೆ.

ಮೊದಲು ಕೇಳಿದ ಎಂಜಿನಿಯರ್: ಕೊನೇ ಪ್ರಶ್ನೆ ಮೇಡಂ. ಹೆಂಡತಿ ಅಲ್ಲಿ ಕೆಲಸ ಮಾಡಬಹುದಾ? ಒ-1 ಸಿಕ್ಕರೆ ಗ್ರೀನ್ ಕಾರ್ಡ್ ಸಲೀಸಾ?

ಉತ್ತರ: ಒ-1ದವರ ಸಂಗಾತಿಗೆ ಸಿಗುವುದು ಒ-3 ವೀಸಾ, ಅದರಲ್ಲಿ ಓದಬಹುದು, ದುಡಿಯುವಂತಿಲ್ಲ. ಅವರಿಗೂ ವೃತ್ತಿ ಇದ್ದರೆ ಹೊರಡುವ ಮುಂಚೆಯೇ ಇದನ್ನು ಮನೆಯಲ್ಲಿ ಕೂತು ಮಾತಾಡಿ. ಗ್ರೀನ್ ಕಾರ್ಡ್‌ನಲ್ಲಿ ಅಸಾಧಾರಣ ಸಾಮರ್ಥ್ಯದವರ ವರ್ಗವಾದ ಇಬಿ-1ಎ ಬೇರೆಯೇ ಅರ್ಜಿ. ಮಾನದಂಡ ಹೆಚ್ಚುಕಮ್ಮಿ ಅವೇ ಆದರೂ ಪರಿಶೀಲನೆ ಇನ್ನೂ ಬಿಗಿ, ಒ-1 ಸಿಕ್ಕಿದೆ ಅಂತ ಅದೂ ಸಿಗುತ್ತದೆ ಅನ್ನುವಂತಿಲ್ಲ. ಆದರೆ ಅದನ್ನು ನೀವೇ ನಿಮಗೆ ಹಾಕಿಕೊಳ್ಳಬಹುದು. ಒ-1 ಮೊದಲಿಗೆ ಮೂರು ವರ್ಷದವರೆಗೆ ಸಿಗುತ್ತದೆ, ಆಮೇಲೆ ಸಾಮಾನ್ಯವಾಗಿ ಒಂದೊಂದು ವರ್ಷ ವಿಸ್ತರಣೆ. ಸದ್ಯಕ್ಕೆ ಆ ಎರಡು ಪೇಟೆಂಟ್‌ಗಳನ್ನು ಯಾರು ಬಳಸುತ್ತಿದ್ದಾರೆ ಅಂತ ಕಂಪನಿಯ ಲೀಗಲ್ ವಿಭಾಗದಿಂದ ಬರಹದಲ್ಲಿ ತರಿಸಿ ಕಳಿಸಿ.