ಕ್ವೆರ್ಸೆಟಿನ್ ತಿನ್ನಿಸಿದರೆ ಮೇಕೆಗೆ ಕೀಟನಾಶಕದ ವಿಷ ಏರುವುದಿಲ್ಲವಾ?

ಮೇಕೆಮನೆ:
ಕ್ಲೋರ್‌ಪೈರಿಫಾಸ್ ಅನ್ನೋ ಕೀಟನಾಶಕ ಕೊಟ್ಟ ಇಲಿಗಳಿಗೆ ಕ್ವೆರ್ಸೆಟಿನ್ (ಈರುಳ್ಳಿಯಂಥವುಗಳಲ್ಲಿರುವ ಆ್ಯಂಟಿಆಕ್ಸಿಡೆಂಟ್, ಅಂದರೆ ಜೀವಕೋಶ ಕೆಡದಂತೆ ತಡೆಯುವ ವಸ್ತು) ಕೊಟ್ಟಾಗ ಲಿವರ್ ಅಷ್ಟಾಗಿ ಕೆಡಲಿಲ್ಲ ಅಂತ ಒಂದು ಸಂಶೋಧನಾ ಲೇಖನದಲ್ಲಿ ಓದಿದೆ. ನನ್ನ ಮೇಕೆಗಳು ಔಷಧಿ ಹೊಡೆದ ಹೊಲದ ಪಕ್ಕದಲ್ಲೇ ಮೇಯುತ್ತವೆ. ದಿನಾ ಮೇವಿನ ಜೊತೆ ಸ್ವಲ್ಪ ಕ್ವೆರ್ಸೆಟಿನ್ನೋ ಅರಿಶಿನವೋ ಬೆರೆಸಿದರೆ ಆಗುತ್ತದಾ?

ನಳಿಕೆ:
ಇಂಥ ಪರೀಕ್ಷೆ ಮಾಡುವುದೇ ನನ್ನ ಕೆಲಸ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ಲಿವರ್ ತುಂಡನ್ನು ಐಸ್ ಮೇಲಿಟ್ಟುಕೊಂಡು ಅರೆದು, ಥಯೋಬಾರ್ಬಿಟ್ಯೂರಿಕ್ ಆಮ್ಲ ಹಾಕಿ ಕುದಿಸುತ್ತೇವೆ. ಜೀವಕೋಶದ ಕೊಬ್ಬು ಎಷ್ಟು ಕೆಟ್ಟಿದೆಯೋ ನಳಿಕೆ ಅಷ್ಟು ಗುಲಾಬಿ. ಅದನ್ನು 532 ನ್ಯಾನೋಮೀಟರ್ ಬೆಳಕಲ್ಲಿ ಅಳೆಯುತ್ತೇವೆ. ಕ್ವೆರ್ಸೆಟಿನ್ ಕೊಟ್ಟ ಗುಂಪಲ್ಲಿ ಗುಲಾಬಿ ತಿಳಿಯಾಗುತ್ತದೆ, ನಿಜ.

ಆದರೆ ಈ ಜಾತಿಯ ಕೀಟನಾಶಕ ಕೊಲ್ಲುವ ದಾರಿಯೇ ಬೇರೆ. ಅದು ನರಗಳ ಸಂಕೇತವನ್ನು ನಿಲ್ಲಿಸುವ ಅಸಿಟೈಲ್‌ಕೋಲಿನೆಸ್ಟರೇಸ್ ಕಿಣ್ವಕ್ಕೆ ಅಂಟಿಕೊಂಡು ಕೂರುತ್ತದೆ. ಆ ಕಿಣ್ವಕ್ಕೆ ಬೇರೆ ಪರೀಕ್ಷೆ: ಕಿಣ್ವ ಚುರುಕಾಗಿದ್ದರೆ ನಳಿಕೆ ಬೇಗ ಹಳದಿಯಾಗುತ್ತದೆ, ಅಳೆಯೋದು 412ರಲ್ಲಿ. ಗುಲಾಬಿ ಇಳಿದ ಮಾತ್ರಕ್ಕೆ ಹಳದಿ ಏರಬೇಕು ಅಂತೇನಿಲ್ಲ. ಅಂಟಿದ್ದನ್ನು ಬಿಡಿಸಲು ಪ್ರಾಲಿಡಾಕ್ಸಿಮ್ ಬೇಕು, ಅದೂ ಬೇಗ ಕೊಟ್ಟರೆ ಮಾತ್ರ. ಜೊಲ್ಲು, ಉಸಿರುಗಟ್ಟುವಿಕೆ ಹಿಡಿತಕ್ಕೆ ತರಲು ಅಟ್ರೋಪಿನ್.

ಪ್ರಯೋಗದ ಇಲಿಗೆ ಸಾಮಾನ್ಯವಾಗಿ ಸಾಯದಷ್ಟು ವಿಷವನ್ನು ಎಣ್ಣೆಯಲ್ಲಿ ಬೆರೆಸಿ ವಾರಗಟ್ಟಲೆ ಕೊಡುತ್ತಾರೆ. ಮೇಕೆ ಹಾಗಲ್ಲ, ಸಿಕ್ಕಿದ ಸೊಪ್ಪನ್ನು ಒಂದೇ ಸಲಕ್ಕೆ ಹೊಟ್ಟೆ ತುಂಬಾ ಮೇಯುತ್ತದೆ ಅಲ್ವಾ?

ಗೊರಸು:
ಮೇಕೆ ಮೆಲುಕು ಹಾಕುವ ಪ್ರಾಣಿ ಅನ್ನೋದೂ ಇದೆ. ಕ್ವೆರ್ಸೆಟಿನ್‌ನ ದೊಡ್ಡ ಪಾಲನ್ನು ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳೇ ಒಡೆದು ಹಾಕುತ್ತವೆ. ಅರಿಶಿನದ ಕರ್ಕ್ಯುಮಿನ್ ಅಂತೂ ಇಲಿಯಲ್ಲೇ ಸರಿಯಾಗಿ ರಕ್ತಕ್ಕೆ ಸೇರಲ್ಲ.

ಹುಲ್ಲುಗರಿ:
ಕಳೆನಾಶಕ ಪ್ಯಾರಾಕ್ವಾಟ್ ನೋಡಿ. ಅದು ಕೊಲ್ಲುವುದೇ ಆಕ್ಸಿಡೇಟಿವ್ ಹಾನಿಯಿಂದ, ಅಂದರೆ ಆ ಗುಲಾಬಿ ಪರೀಕ್ಷೆ ಅಳೆಯುವಂಥ ಹಾನಿಯಿಂದ. ಆ್ಯಂಟಿಆಕ್ಸಿಡೆಂಟ್ ಕೆಲಸ ಮಾಡಬೇಕಿದ್ದರೆ ಅಲ್ಲೇ ಮಾಡಬೇಕಿತ್ತು. ಇವತ್ತಿಗೂ ಅದಕ್ಕೆ ಖಚಿತ ಪ್ರತಿವಿಷ ಇಲ್ಲ.

ಮೇಕೆಮನೆ:
ಲೇಖನ ಮತ್ತೆ ತೆರೆದು ನೋಡಿದೆ. ವಿಷಕ್ಕಿಂತ ಮುಂಚೆಯೇ ಕ್ವೆರ್ಸೆಟಿನ್ ಕೊಟ್ಟಿದ್ದಾರೆ. ಹಳದಿ ಪರೀಕ್ಷೆಯ ಸುದ್ದಿಯೇ ಇಲ್ಲ!

ನಳಿಕೆ:
ಹಾಗಿದ್ದರೆ ಅದು ಬರೀ ಲಿವರ್ ಕಥೆ. ಔಷಧಿ ಹೊಡೆದ ಕಡೆ ಮೇಯಿಸಬೇಡಿ. ಮೈ ಮೇಲೆ ಬಿದ್ದಿದ್ದರೆ ಕೈಗೆ ಗ್ಲೌಸ್ ಹಾಕಿಕೊಂಡು ಸೋಪು ನೀರಲ್ಲಿ ತೊಳೆಯಿರಿ. ಜೊಲ್ಲು ಸುರಿಸಿ ನಡುಗಲು ಶುರುವಾದರೆ ಮೇವು ಕಲಸುತ್ತಾ ಕೂರಬೇಡಿ, ಸೀದಾ ಪಶುವೈದ್ಯರಿಗೆ ಫೋನ್ ಮಾಡಿ. ಯಾವ ಔಷಧಿ ಅಂತ ಡಬ್ಬಿಯ ಲೇಬಲ್ ನೋಡಿ ಹೇಳಿ.