ಫ್ಲೈಯಿಂಗ್ ಬೋಟ್‌ಗೆ ಕನ್ನಡದಲ್ಲಿ ಏನನ್ನೋಣ? ಜೊತೆಗೆ ‘ಪತನ’ದ ಬಗ್ಗೆ

ಎಲ್ರಿಗೂ ನಮಸ್ಕಾರ. ಎರಡನೇ ಮಹಾಯುದ್ಧದ ಒಂದು ವಿಮಾನ ಅಪಘಾತದ ಬಗ್ಗೆ ಬರೀತಾ ಇದೀನಿ, ಎರಡು ಪದದ ಹತ್ರ ಸಿಕ್ಕಾಕೊಂಡಿದೀನಿ.

1942ರ ಆಗಸ್ಟ್ 25, ಬ್ರಿಟಿಷ್ ವಾಯುಪಡೆಯ ಒಂದು ಸಂಡರ್‌ಲ್ಯಾಂಡ್ ಫ್ಲೈಯಿಂಗ್ ಬೋಟ್ (ನೀರಿಂದಲೇ ಏರಿ ನೀರಿಗೇ ಇಳಿಯೋ ವಿಮಾನ) ಸ್ಕಾಟ್‌ಲೆಂಡಿನ ಇನ್ವರ್‌ಗಾರ್ಡನ್ ಹತ್ರ ನೀರಿಂದ ಎದ್ದು ಐಸ್‌ಲ್ಯಾಂಡಿಗೆ ಹೊರಟಿತ್ತು, ಸುಮಾರು ಅರ್ಧ ಗಂಟೆಗೆಲ್ಲ ಡನ್‌ಬೀತ್ ಹತ್ರ ಮೋಡ ಕವಿದಿದ್ದ ಗುಡ್ಡಕ್ಕೆ ಬಡೀತು. ಒಳಗಿದ್ದ 15 ಜನರಲ್ಲಿ 14 ಜನ ತೀರಿಕೊಂಡ್ರು, ರಾಜ ಆರನೇ ಜಾರ್ಜ್‌ನ ತಮ್ಮ ಕೆಂಟ್ ಡ್ಯೂಕ್ ಕೂಡ ಅದರಲ್ಲಿದ್ರು, ವಯಸ್ಸು ಬರೀ 39.

ಮೊದಲನೇ ಪ್ರಶ್ನೆ, ಈ ವಿಮಾನನ ಏನಂತ ಕರೆಯೋದು? ‘ಜಲವಿಮಾನ’ ಅಂದ್ರೆ ಎರಡು ಜಾತಿನೂ ಕಲಸಿಹೋಗುತ್ತೆ. ಮಾಮೂಲಿ ವಿಮಾನಕ್ಕೆ ಚಕ್ರದ ಬದಲು ಎರಡು ತೇಲುಬುಂಡೆ ಕಟ್ಟಿರೋದು ಒಂದು ಜಾತಿ, ಸಂಡರ್‌ಲ್ಯಾಂಡ್ ಹಾಗಲ್ಲ, ಅದರ ಹೊಟ್ಟೆನೇ ದೋಣಿ. ನೀರಲ್ಲಿ ಕೂತಾಗ ಮೂತಿ ಹತ್ರ ಒಬ್ಬ ನಿಂತು ಲಂಗರು ಹಾಕ್ತಿದ್ದ, ಒಳಗೆ ಒಲೆ ಇಟ್ಟು ಅಡುಗೆನೂ ಮಾಡ್ತಿದ್ರು. ‘ಹಾರುವ ದೋಣಿ’ ಅಂದ್ರೆ ಮಕ್ಕಳ ಕಥೆ ಥರ ಕೇಳುತ್ತೆ. ‘ಹಾರುಬೂದಿ’ ಥರ ‘ಹಾರುದೋಣಿ’ ಅನ್ನಬಹುದು, ಸುಡುಗಾಡು ಹುರಿಗಡಲೆ ಇದ್ದಹಾಗೆ ಗಮಕ ಸಮಾಸ, ಬಾಯಿಗೂ ಸಲೀಸು. ಆದ್ರೆ ‘ಹಾರುದೋಣಿ ಗುಡ್ಡಕ್ಕೆ ಬಡೀತು’ ಅಂತ ಓದಿದವರಿಗೆ ದೋಣಿ ಗುಡ್ಡಕ್ಕೆ ಯಾಕೆ ಹೋಯ್ತು ಅನ್ನಿಸಲ್ವಾ? ನನಗೆ ‘ದೋಣಿವಿಮಾನ’ ಸರಿ ಅನ್ನಿಸ್ತಿದೆ, ಕೊನೇಗೆ ಅದು ವಿಮಾನ ತಾನೆ.

ಎರಡನೇದು ‘ಪತನ’. ನಮ್ಮ ಪತ್ರಿಕೆಗಳಲ್ಲಿ ಏನೇ ಆದ್ರೂ ‘ವಿಮಾನ ಪತನ’. ಪತನ ಅಂದ್ರೆ ಬೀಳೋದು, ಇದು ಬೀಳಲೇ ಇಲ್ಲ, ತಪ್ಪು ದಾರೀಲಿ, ಏರಬೇಕಾದಷ್ಟು ಎತ್ತರಕ್ಕೆ ಏರದೆ, ಹಾರ್ತಾ ಹಾರ್ತಾನೇ ನೆಲಕ್ಕೆ ತಾಗಿದ್ದು, ತನಿಖೆಯವರೂ ಅದನ್ನೇ ಹೇಳಿ ಪೈಲಟ್ ಮೇಲೆ ಹೊರಿಸಿದ್ರು. ‘ಪತನವಾಯ್ತು’ ಅಂತ ಬರೆದ್ರೆ ಎಂಜಿನ್ ಕೆಟ್ಟು ಬಿತ್ತೇನೋ ಅನ್ನೋ ಅರ್ಥ ಬರುತ್ತೆ. 2010ರ ಮಂಗಳೂರಿನದ್ದನ್ನ ನಾವು ‘ದುರಂತ’ ಅಂತೀವಿ, ಅದರಲ್ಲಿ ದುಃಖ ಇದೆ, ಹೇಗಾಯ್ತು ಅನ್ನೋದಿಲ್ಲ. ‘ಅಪ್ಪಳಿಸಿತು’ ಅಂದ್ರೆ ಹತ್ತಿರ ಬರುತ್ತೆ, ಆದ್ರೆ ಅದನ್ನ ನಾಮಪದ ಮಾಡೋದು ಹೇಗೆ? ‘ಗುಡ್ಡಬಡಿತ’ ಅಂದ್ರೆ ವಿಚಿತ್ರ ಅನ್ಸುತ್ತೆ.

ಬದುಕುಳಿದವನು ಬಾಲದ ಗನ್ನರ್ ಆಂಡ್ರ್ಯೂ ಜ್ಯಾಕ್ ಒಬ್ನೇ. ಬಾಲ ಮುರಿದು ಬೇರೆ ಆಗಿದ್ದರಿಂದ ಉಳಿದ, ಸುಟ್ಟ ಕೈ ಸುಟ್ಟ ಮುಖದಲ್ಲೇ ನಡೆದು ಮಾರನೇ ದಿನ ಒಂದು ಮನೆ ಬಾಗಿಲು ಮುಟ್ಟಿದ. ಅವನ ಪಾಡನ್ನ ಬರೆಯೋವಾಗ ಸುಳ್ಳು ಅರ್ಥ ಕೊಡೋ ಪದ ಹಾಕೋಕೆ ಮನಸ್ಸು ಬರ್ತಿಲ್ಲ.

ಇನ್ನೊಂದು ಕೇಳಬೇಕಿತ್ತು. ಅದೇ ಯುದ್ಧದ ಕಾಲದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ರಿಪೇರಿಗೆ ಬರ್ತಿದ್ದ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆ ಮೇಲೆ ಇಳೀತಿದ್ವು, ಅವೂ ಇದೇ ಜಾತಿ. ಆ ಕಡೆ ಊರಿನೋರು, ಕಾರ್ಖಾನೇಲಿ ಕೆಲಸ ಮಾಡಿದೋರ ಮನೆಯೋರು ಯಾರಾದ್ರೂ ಇದ್ರೆ, ನಿಮ್ಮ ಅಜ್ಜ ಅಜ್ಜಿ ಅದನ್ನ ಏನಂತ ಕರೀತಿದ್ರು ಅಂತ ದಯವಿಟ್ಟು ತಿಳಿಸ್ತೀರಾ?