ಚಳ್ಳಕೆರೆಯ ಎಣ್ಣೆ ಮಿಲ್ಲುಗಳನ್ನು ಮುಚ್ಚಿಸಿದ್ದು ಜಾಗತೀಕರಣವೇ?

ಪ್ರಶ್ನೆ (ಚಳ್ಳಕೆರೆಯಿಂದ)

ಎಣ್ಣೆ ಮಿಲ್ಲುಗಳ ವಿಷಯದಲ್ಲಿ ಮುಂಬೈ ಬಿಟ್ಟರೆ ನಮ್ಮೂರೇ ಎಂದು ಚಳ್ಳಕೆರೆಯ ಹಿರಿಯರು ಹೇಳುತ್ತಿದ್ದುದನ್ನು ಈ ಭಾಗದವರೆಲ್ಲರೂ ಕೇಳಿರುತ್ತೀರಿ. ನಮ್ಮ ತಂದೆಯವರು ಅಂಥದೊಂದು ಮಿಲ್ಲಿನಲ್ಲಿ ಗುಮಾಸ್ತರಾಗಿದ್ದರು. ಸುಗ್ಗಿಯಲ್ಲಿ ಶೇಂಗಾ ತುಂಬಿದ ಗಾಡಿಗಳು ಗೇಟಿನ ಹೊರಗೆ ಸಾಲುಗಟ್ಟಿರುತ್ತಿದ್ದವು. ಒಳಗೆ ಎಣ್ಣೆ ತೆಗೆಯುವ ಎಕ್ಸ್‌ಪೆಲ್ಲರ್ ಯಂತ್ರದ ಬಾಯಿಂದ ಹಿಂಡಿಯು ಹಪ್ಪಳದಂತೆ ಬಾಗಿ, ಮುಟ್ಟಿದರೆ ಕೈ ಸುಡುವಷ್ಟು ಬಿಸಿಯಾಗಿ ಬೀಳುತ್ತಿತ್ತು. ಆ ಮಿಲ್ಲು ಈಗಿಲ್ಲ, ಅದರ ಅಕ್ಕಪಕ್ಕದವುಗಳಲ್ಲಿಯೂ ಹೆಚ್ಚಿನವು ಮುಚ್ಚಿವೆ. ಶೇಂಗಾ ಬೆಳೆಯುವ ಊರಿನಲ್ಲಿದ್ದುಕೊಂಡು ನಮ್ಮ ಮನೆಯಲ್ಲಿಯೇ ಇಂದು ಹೊರದೇಶದ ತಾಳೆ ಎಣ್ಣೆಯಾದ ಪಾಮೋಲಿನ್ ಪ್ಯಾಕೆಟ್ ಒಡೆಯುತ್ತೇವೆ.

ಅರ್ಥಶಾಸ್ತ್ರ ಓದುತ್ತಿರುವ ನನ್ನ ಮಗಳ ವಾದವೇ ಬೇರೆ. ಅಗ್ಗದ ಎಣ್ಣೆ ಬಂದದ್ದರಿಂದಲೇ ಕೂಲಿ ಮಾಡುವವರ ಮನೆಯಲ್ಲಿಯೂ ದಿನವೂ ಒಗ್ಗರಣೆ ಬೀಳುವಂತಾಯಿತು, ಕೆಲವು ಮಿಲ್ಲುಗಳ ನಷ್ಟಕ್ಕಿಂತ ಕೋಟ್ಯಂತರ ಜನರ ಲಾಭ ದೊಡ್ಡದು ಎನ್ನುತ್ತಾಳೆ. ಅವಳ ಮಾತನ್ನು ತಳ್ಳಿಹಾಕಲೂ ಆಗುತ್ತಿಲ್ಲ, ಪೂರ್ತಿ ಒಪ್ಪಲೂ ಮನಸ್ಸು ಬರುತ್ತಿಲ್ಲ. ಇದು ನಿಜಕ್ಕೂ ಜಾಗತೀಕರಣದ ಕೆಲಸವೇ, ಅಥವಾ ನಾವು ಎಲ್ಲವನ್ನೂ ಆ ಒಂದು ಪದದ ತಲೆಗೆ ಕಟ್ಟುತ್ತಿದ್ದೇವೆಯೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ಮೊಳಕಾಲ್ಮೂರು ಕಡೆಯ ರೈತ)

ಮಿಲ್ಲಿನ ಕಡೆಯಿಂದ ತಾವು ನೋಡಿದ್ದೀರಿ. ಹೊಲದ ಕಡೆಯಿಂದ ನಾನು ಸ್ವಲ್ಪ ಹೇಳುತ್ತೇನೆ. ನಮ್ಮ ಎರಡೂ ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಜಾಗಗಳು. ಇಲ್ಲಿನ ಮಸಾರಿ ನೆಲದಲ್ಲಿ ಬಹಳ ರೈತರು ಬಿತ್ತುತ್ತ ಬಂದಿರುವ ಟಿಎಂವಿ-2 ಎಂಬ ಶೇಂಗಾ ತಳಿಯು 1940ರಲ್ಲಿ ತಮಿಳುನಾಡಿನ ತಿಂಡಿವನಂನಿಂದ ಬಿಡುಗಡೆಯಾದದ್ದು. ನಡುವೆ ಎಷ್ಟೋ ಹೊಸ ತಳಿಗಳು ಬಂದರೂ, ಬೇಗ ಕೊಯ್ಲಿಗೆ ಬರುತ್ತದೆ ಮತ್ತು ಬೀಜ ಸಿಗುತ್ತದೆ ಎಂಬ ಕಾರಣಕ್ಕೆ ಅದನ್ನೇ ನೆಚ್ಚಿಕೊಂಡೆವು.

ಈಗ ಲೆಕ್ಕ ನೋಡಿ. ಮಳೆ ಹದವಾಗಿ ಬಂದು ಎಕರೆಗೆ 4 ಕ್ವಿಂಟಲ್ ಕಾಯಿ ಸಿಕ್ಕಿತು ಎಂದಿಟ್ಟುಕೊಳ್ಳೋಣ. ಸಿಪ್ಪೆ ಬಿಡಿಸಿದರೆ ಸುಮಾರು 280 ಕೆಜಿ ಬೀಜ, ಅದನ್ನು ಮಿಲ್ಲಿಗೆ ಹಾಕಿದರೆ 115 ಕೆಜಿಯಷ್ಟು ಎಣ್ಣೆ. ಇಂಡೋನೇಷ್ಯಾ, ಮಲೇಷ್ಯಾಗಳ ತಾಳೆ ತೋಟದಲ್ಲಿ ಒಂದು ಎಕರೆಗೆ ಸಾವಿರ ಕೆಜಿಗೂ ಮೀರಿ ಎಣ್ಣೆ ಬರುತ್ತದೆ. ವರ್ಷವಿಡೀ ಮಳೆ ಸುರಿಯುವ ನೆಲದೊಡನೆ ನಮ್ಮ ಬಯಲುಸೀಮೆಯ ಹೊಲವನ್ನು ಬರಿಯ ಬೆಲೆಯ ಮೇಲೆ ಸ್ಪರ್ಧೆಗೆ ಬಿಟ್ಟರೆ ಗೆಲ್ಲುವವರು ಯಾರೆಂಬುದು ಬಿತ್ತುವ ಮೊದಲೇ ತೀರ್ಮಾನವಾಗಿರುತ್ತದೆ. ಮಳೆ ಕೈಕೊಟ್ಟ ವರ್ಷವಂತೂ ಹಾಕಿದ ಬೀಜವೂ ಹಿಂದಿರುಗುವುದಿಲ್ಲ, ಮತ್ತು ಶೇಂಗಾಕ್ಕೆ ಬೀಜದ ಖರ್ಚೇ ದೊಡ್ಡದು. ಆದ್ದರಿಂದ ಮಿಲ್ಲು ಸೊರಗಿದ್ದರಲ್ಲಿ ಬರಗಾಲದ ಪಾಲೂ ಇದೆ. ಅದನ್ನು ಬಿಟ್ಟು ಮಾತನಾಡಿದರೆ ಸತ್ಯಕ್ಕೆ ದೂರವಾಗುತ್ತದೆ.

ಉತ್ತರ (ಚಿತ್ರದುರ್ಗ, ಹಿಂದೆ ಎಣ್ಣೆ ವ್ಯಾಪಾರದಲ್ಲಿದ್ದವನು)

ಮೇಲಿನವರ ಲೆಕ್ಕ ಸರಿಯಾಗಿದೆ. ಆದರೆ ಆ ಸ್ಪರ್ಧೆಗೆ ನಮ್ಮನ್ನು ಬಿಟ್ಟವರು ಯಾರು ಎಂಬುದು ಇಲ್ಲಿ ಮುಖ್ಯ. 1986ರಲ್ಲಿ ಆರಂಭವಾದ ಎಣ್ಣೆಕಾಳುಗಳ ತಂತ್ರಜ್ಞಾನ ಮಿಷನ್ನಿನ ಫಲವಾಗಿ ತೊಂಬತ್ತರ ದಶಕದ ಆರಂಭಕ್ಕೆ ದೇಶವು ಅಡುಗೆ ಎಣ್ಣೆಯಲ್ಲಿ ಹೆಚ್ಚುಕಡಿಮೆ ಸ್ವಾವಲಂಬಿಯಾಗಿತ್ತು. ಅದುವರೆಗೆ ಸರ್ಕಾರಿ ಸಂಸ್ಥೆಯ ಮೂಲಕವೇ ನಡೆಯುತ್ತಿದ್ದ ಪಾಮೋಲಿನ್ ಆಮದನ್ನು 1994ರಲ್ಲಿ ಖಾಸಗಿಯವರಿಗೆ ಮುಕ್ತಗೊಳಿಸಿದಾಗ ಸುಂಕ ಶೇ 65 ಇತ್ತು. 1998ರ ಹೊತ್ತಿಗೆ ಅದು ಶೇ 15ಕ್ಕೆ ಇಳಿಯಿತು. ಇದನ್ನು ವಿಶ್ವ ವ್ಯಾಪಾರ ಸಂಸ್ಥೆ ಹೇರಿತು ಎಂದು ಬಹಳ ಜನ ನಂಬಿದ್ದಾರೆ, ಆದರೆ ಆ ಒಪ್ಪಂದದಲ್ಲಿ ತಾಳೆ ಎಣ್ಣೆಯ ಮೇಲೆ ಶೇ 300ರವರೆಗೆ ಸುಂಕ ಹಾಕುವ ಹಕ್ಕನ್ನು ಭಾರತ ಉಳಿಸಿಕೊಂಡಿತ್ತು. ಸುಂಕ ಇಳಿಸಿದ್ದು ನಮ್ಮದೇ ಸರ್ಕಾರಗಳು, ಪೇಟೆಯ ಬೆಲೆ ಏರದಿರಲಿ ಎಂದು. ಹೀಗಾಗಿ ತಮ್ಮ ಪ್ರಶ್ನೆಗೆ ನನ್ನ ಉತ್ತರ: ಬಾಗಿಲು ತೆರೆದದ್ದು ಜಾಗತೀಕರಣ ಇರಬಹುದು, ಎಷ್ಟು ತೆರೆಯಬೇಕು ಎಂದು ಗೊತ್ತುಮಾಡಿದ್ದು ದೆಹಲಿ.

ಇನ್ನೂ ಎರಡು ಸಂಗತಿಗಳನ್ನು ಹೇಳಲೇಬೇಕು. ಗಿರಣಿಯಲ್ಲಿ ಒತ್ತಿ ತೆಗೆಯುವ ಶೇಂಗಾ ಎಣ್ಣೆಯು 2015ರವರೆಗೂ ಸಣ್ಣ ಕೈಗಾರಿಕೆಗಳಿಗೇ ಮೀಸಲಾಗಿತ್ತು. ರಕ್ಷಣೆಗೆಂದು ಮಾಡಿದ ಆ ನಿಯಮವೇ ನಮ್ಮ ಮಿಲ್ಲುಗಳು ದೊಡ್ಡದಾಗದಂತೆ ತಡೆಯಿತು. ಅದೇ ಸಮಯದಲ್ಲಿ ಮಂಗಳೂರು, ಕಾಕಿನಾಡದಂಥ ಬಂದರುಗಳಲ್ಲಿ ಹಡಗಿನಿಂದಿಳಿದ ಕಚ್ಚಾ ಅಡುಗೆ ಎಣ್ಣೆಯನ್ನು ಅಲ್ಲೇ ಶುದ್ಧೀಕರಿಸುವ ದೊಡ್ಡ ರಿಫೈನರಿಗಳು ಎದ್ದವು. ಎರಡನೆಯದಾಗಿ, 1998ರಲ್ಲಿ ದೆಹಲಿಯಲ್ಲಿ ಕಲಬೆರಕೆ ಸಾಸಿವೆ ಎಣ್ಣೆಯಿಂದ ಮೈ ಊದಿಕೊಳ್ಳುವ ಡ್ರಾಪ್ಸಿ ಕಾಯಿಲೆ ಹರಡಿ ಜನ ಸತ್ತರು. ಎಣ್ಣೆಯನ್ನು ಪ್ಯಾಕ್ ಮಾಡಿಯೇ ಮಾರಬೇಕೆಂಬ ಆದೇಶ ಅದೇ ವರ್ಷ ಹೊರಬಿತ್ತು. ಜನರ ಜೀವದ ಪ್ರಶ್ನೆ, ಆದೇಶ ತಪ್ಪೆಂದು ನಾನು ಹೇಳಲಾರೆ. ಆದರೆ ಡಬ್ಬಿ ತಂದವರಿಗೆ ಬಿಡಿಯಾಗಿ ಅಳೆದು ಕೊಡುತ್ತಿದ್ದ ಸಣ್ಣ ಮಿಲ್ಲಿಗೆ ಪ್ಯಾಕಿಂಗ್ ಯಂತ್ರ, ಪ್ರಯೋಗಾಲಯ, ಜಾಹೀರಾತುಗಳ ಖರ್ಚು ಹೊರಲಾಗದ ಭಾರವಾಯಿತು.

ತಮ್ಮ ಮಗಳ ಲೆಕ್ಕದಲ್ಲಿ ಹಿಂಡಿ ಸೇರಿದೆಯೇ ಎಂದು ದಯವಿಟ್ಟು ಕೇಳಿ. ಮಿಲ್ಲು ಇದ್ದಾಗ ಎಣ್ಣೆ ಪೇಟೆಗೆ ಹೋದರೂ ಹಿಂಡಿ ಸುತ್ತಲಿನ ಹಳ್ಳಿಗಳ ಎಮ್ಮೆ, ಎತ್ತು, ಕುರಿಗಳಿಗೆ ಉಳಿಯುತ್ತಿತ್ತು, ಸಿಪ್ಪೆ ಉರುವಲಾಗುತ್ತಿತ್ತು. ಹಡಗಿನಲ್ಲಿ ಬರುವ ಎಣ್ಣೆಯ ಹಿಂದೆ ಹಿಂಡಿ ಬರುವುದಿಲ್ಲ, ಹಮಾಲಿಯೂ ಬರುವುದಿಲ್ಲ.

ಉತ್ತರ (ದಾವಣಗೆರೆ)

ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು, ಆ ಹತ್ತಿ ಗಿರಣಿಗಳೂ ಮುಚ್ಚಿದವು. ಅವುಗಳ ಅವಸಾನ 1991ರ ಉದಾರೀಕರಣಕ್ಕೂ ಮೊದಲೇ ಶುರುವಾಗಿತ್ತು, ಹಾಗಾಗಿ ಅದನ್ನು ಜಾಗತೀಕರಣದ ಖಾತೆಗೆ ಬರೆಯುವುದು ಸರಿಯಲ್ಲ. ನಾನು ಹೇಳಬೇಕೆಂದಿರುವುದು ಹತ್ತಿ ಹೋದ ಮೇಲೆ ಹೊಲಕ್ಕೆ ಬಂದ ಮೆಕ್ಕೆಜೋಳದ ವಿಷಯ. ಕೋಳಿ ಆಹಾರಕ್ಕೆ, ಸ್ಟಾರ್ಚ್ ಕಾರ್ಖಾನೆಗಳಿಗೆ, ಈಗ ಎಥೆನಾಲ್‌ಗೆ ಅದು ಬೇಕು. ವಿದೇಶಿ ಮೆಕ್ಕೆಜೋಳದ ಮೇಲೆ ಶೇ 50 ಸುಂಕವಿದೆ. ಕಡಿಮೆ ಸುಂಕದಲ್ಲಿ ಒಂದು ಮಿತಿಯವರೆಗೆ ಮಾತ್ರ ತರಿಸಬಹುದು. ಬೆಲೆ ಕುಸಿದ ವರ್ಷಗಳು ನಮಗೂ ಬಂದಿವೆ, ಆದರೂ ಕೊಳ್ಳುವ ಉದ್ಯಮ ಹತ್ತಿರದಲ್ಲಿಯೇ ಇರುವುದರಿಂದ ಎಪಿಎಂಸಿ ಬರಿದಾಗಲಿಲ್ಲ. ಪಕ್ಕಪಕ್ಕದ ಎರಡು ಜಿಲ್ಲೆಗಳು, ಒಂದೇ ಕಾಲದ ಉದಾರೀಕರಣ. ಒಂದು ಬೆಳೆಗೆ ಗೋಡೆಯಿತ್ತು, ಇನ್ನೊಂದಕ್ಕೆ ಇರಲಿಲ್ಲ. ಮೇಲೆ ಚಿತ್ರದುರ್ಗದವರು ಹೇಳಿದ್ದನ್ನು ಇದು ಬಲಪಡಿಸುತ್ತದೆ ಎಂದು ನನ್ನ ಅನಿಸಿಕೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಹಿಂಡಿಯ ಮಾತನ್ನು ಮಗಳಿಗೆ ಓದಿ ಹೇಳಿದೆ. ಆಮದಿನಿಂದ ಉಳಿತಾಯವಾದದ್ದು ದೇಶದ ಎಲ್ಲ ಮನೆಗಳಲ್ಲಿ ಚೂರುಚೂರಾಗಿ, ನಷ್ಟವಾದದ್ದು ಕೆಲವೇ ತಾಲ್ಲೂಕುಗಳಲ್ಲಿ ಒಟ್ಟಾಗಿ ಎಂಬುದನ್ನು ಅವಳು ಒಪ್ಪಿದಳು. ಗೆದ್ದವರಿಂದ ಸೋತವರಿಗೆ ಪರಿಹಾರ ಕೊಡಬಹುದು ಎಂದು ಪಠ್ಯದಲ್ಲಿದೆ, ಕೊಟ್ಟರೇ ಎಂಬುದು ಪಠ್ಯದಲ್ಲಿಲ್ಲ ಎಂದಳು. ಆದರೆ ಸುಂಕ ಏರಿಸಿದರೆ ಮೊದಲು ಪೆಟ್ಟು ಬೀಳುವುದು ಕೂಲಿಯವರ ಅಡುಗೆಮನೆಗೆ ಎಂಬ ಅವಳ ಮಾತು ಹಾಗೆಯೇ ನಿಂತಿದೆ. 2022ರ ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯಾ ತಾಳೆ ಎಣ್ಣೆಯ ರಫ್ತನ್ನೇ ನಿಲ್ಲಿಸಿದಾಗ ನಮ್ಮ ಅಂಗಡಿಗಳಲ್ಲಿ ದರ ಹೇಗಿತ್ತೆಂಬುದು ನೆನಪಿದೆ. ಹಾಗಾದರೆ ರೈತರು ನಿಜವಾಗಿ ಕೇಳಬೇಕಾದದ್ದು ಏನು?

ಉತ್ತರ (ಮೊಳಕಾಲ್ಮೂರು ಕಡೆಯ ರೈತ)

ಸುಂಕ ಯಾವಾಗಲೂ ಹೆಚ್ಚೇ ಇರಲಿ ಎಂದು ನಾನು ಕೇಳುವುದಿಲ್ಲ. ನಮ್ಮ ಮನೆಯಲ್ಲಿಯೂ ಎಣ್ಣೆಯನ್ನು ಕೊಂಡೇ ತರುತ್ತೇವೆ. 2024ರ ಸೆಪ್ಟೆಂಬರಿನಲ್ಲಿ ಕಚ್ಚಾ ಅಡುಗೆ ಎಣ್ಣೆಗಳ ಮೂಲ ಆಮದು ಸುಂಕವನ್ನು ಶೇ 20 ಮಾಡಿದರು, 2025ರ ಮೇ 30ರಂದು ಅದನ್ನು ಶೇ 10ಕ್ಕೆ ಇಳಿಸಿದರು. ಮೇ ಕೊನೆಯೆಂದರೆ ನಾವು ಸಾಲ ಮಾಡಿ ಬಿತ್ತನೆ ಬೀಜ ಕೊಳ್ಳುವ ಹೊತ್ತು. ಆ ವರ್ಷದ ಬೆಂಬಲ ಬೆಲೆ ಕ್ವಿಂಟಲಿಗೆ 7,263 ರೂಪಾಯಿ ಎಂದು ಕಾಗದದಲ್ಲಿತ್ತು, ಆದರೆ ಖರೀದಿ ಕೇಂದ್ರ ಸಕಾಲದಲ್ಲಿ ತೆರೆಯದಿದ್ದರೆ ನಾವು ಚೀಲ ಇಳಿಸುವುದು ಮಂಡಿಯಲ್ಲಿಯೇ. ಅಲ್ಲಿ ದಲಾಲರು ಹಿಡಿ ಕಾಯಿ ತೆಗೆದು ಒಡೆದು, ಅಂಗೈಯಲ್ಲಿ ಉಜ್ಜಿ, ಸಿಪ್ಪೆ ಊದಿ, ಬೀಜ ನೋಡಿ ಹೇಳುವ ದರದಲ್ಲಿ ಆ ಮೇ ತಿಂಗಳ ತೀರ್ಮಾನವೂ ಸೇರಿರುತ್ತದೆ. ಮುಂಗಾರಿಗೆ ಮೊದಲು ಸುಂಕವನ್ನು ಘೋಷಿಸಿ, ಆ ಬೆಳೆ ಮಾರಾಟವಾಗುವವರೆಗೆ ಅದನ್ನು ಇಳಿಸಬಾರದು. ಕೊಯ್ಲಿಗೆ ಮುಂಚೆಯೇ ಖರೀದಿ ಕೇಂದ್ರ ತೆರೆದಿರಬೇಕು. ನಾನು ಕೇಳುವುದು ಇಷ್ಟನ್ನೇ. ಬಿತ್ತಬೇಕೋ ಬೇಡವೋ ಎಂಬುದನ್ನು ಆಗ ಮಳೆಯೊಂದನ್ನೇ ನೋಡಿ ತೀರ್ಮಾನಿಸುತ್ತೇವೆ.